ಬಟವಾಡಿಗೆ ಆಕಾಶದ ದಾರಿ

ಬೆಂಗಳೂರಿನಿಂದ ತುಮಕೂರಿಗೆ ಬಸ್ಸಿನಲ್ಲಿ ಬರುವವರಿಗೆ ದಾರಿ ತಪ್ಪುವ ಭಯವಿಲ್ಲ. ದಾಬಸ್‌ಪೇಟೆ ದಾಟಿ, ಕ್ಯಾತ್ಸಂದ್ರ ದಾಟಿ ಬಟವಾಡಿಗೆ ಬಂದರೆ ಊರು ಬಂದಂತೆಯೇ. ಇಲ್ಲಿ ಹೆದ್ದಾರಿ ಉತ್ತರಕ್ಕೆ ಶಿರಾದ ಕಡೆಗೆ ಹೊರಳುತ್ತದೆ. ಬಿ.ಎಚ್. ರಸ್ತೆ ಊರೊಳಕ್ಕೆ ಹೋಗಿ ಮುಂದೆ ಗುಬ್ಬಿ, ತಿಪಟೂರುಗಳನ್ನು ಮುಟ್ಟುತ್ತದೆ. ಅನುಮಾನ ಬಂದರೆ ಕೇಳಲು ಕಂಡಕ್ಟರ್ ಇದ್ದಾರೆ, ಓದಲು ಮೈಲಿಗಲ್ಲು ಇದೆ. ಇದೇ ಬಟವಾಡಿಯನ್ನು ಹುಡುಕಿಕೊಂಡು ಬೆಂಗಳೂರಿನ ಜಕ್ಕೂರು ವಿಮಾನ ತಾಣದಿಂದ ವಿದ್ಯಾರ್ಥಿನಿಯೊಬ್ಬಳು ಪುಟ್ಟ ವಿಮಾನದಲ್ಲಿ ಒಬ್ಬಳೇ ಬರುತ್ತಿದ್ದಾಳೆ ಎಂದುಕೊಳ್ಳಿ. ಆಕೆ ಯಾರನ್ನು ಕೇಳಬೇಕು?

ಪೈಲಟ್ ಆಗಬಯಸುವವರು ಮೊದಲು ವಿಮಾನ ತಾಣದ ಸುತ್ತಲೇ ಹಾರಿ ಇಳಿಯುವುದನ್ನು ಕಲಿಯುತ್ತಾರೆ. ಅದಾದ ಮೇಲೆ ಬರುವುದು 'ಕ್ರಾಸ್ ಕಂಟ್ರಿ', ಅಂದರೆ ಊರಿಂದೂರಿಗೆ ಹಾರಾಟ. ಖಾಸಗಿ ಪೈಲಟ್ ಪರವಾನಗಿಗೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದಂತೆ ಕನಿಷ್ಠ 270 ಕಿ.ಮೀ. ಉದ್ದದ ಇಂಥ ಒಂದು ಹಾರಾಟವನ್ನು ಒಂಟಿಯಾಗಿ ಮಾಡಿ, ದಾರಿಯಲ್ಲಿ ಎರಡು ಬೇರೆ ಬೇರೆ ತಾಣಗಳಲ್ಲಿ ಇಳಿದು ಏರಬೇಕು. ನಾವಿಲ್ಲಿ ಕಾಗದದ ಮೇಲೆ ಮಾಡುವುದು ಅದರ ಚಿಕ್ಕ ಮಾದರಿ: ಜಕ್ಕೂರು, ತುಮಕೂರು, ಕುಣಿಗಲ್, ಮತ್ತೆ ಜಕ್ಕೂರು. ತುಮಕೂರಿನಲ್ಲಿ ಇಳಿಯುವುದಿಲ್ಲ, ತಿರುಗುತ್ತೇವೆ ಅಷ್ಟೆ. (ಯಲಹಂಕ ವಾಯುನೆಲೆ, ಕೆಂಪೇಗೌಡ ವಿಮಾನ ನಿಲ್ದಾಣಗಳು ಪಕ್ಕದಲ್ಲೇ ಇರುವುದರಿಂದ ನಿಜವಾದ ಹಾರಾಟಕ್ಕೆ ವಾಯುಸಂಚಾರ ನಿಯಂತ್ರಕರ ಅನುಮತಿ ಬೇಕು, ಅವರು ಹೇಳಿದ ದಾರಿ, ಹೇಳಿದ ಎತ್ತರವೇ ಅಂತಿಮ.)

ನಕ್ಷೆಯಿಂದ ಆರಂಭಿಸೋಣ. ವೈಮಾನಿಕ ನಕ್ಷೆಗಳಲ್ಲಿ ಒಂದು ಸಾಮಾನ್ಯ ಪ್ರಮಾಣ 1:10,00,000. ನಕ್ಷೆಯ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಮೊಂಡಾದ ಪೆನ್ಸಿಲಿನಿಂದ ಎಳೆದ ಗೆರೆಯ ದಪ್ಪವೇ ಅರ್ಧ ಕಿ.ಮೀ. ಆಗಿಬಿಡುತ್ತದೆ! ದೂರವನ್ನು ನಾಟಿಕಲ್ ಮೈಲಿಯಲ್ಲಿ ಅಳೆಯುವುದು ವಾಡಿಕೆ. ಇದೇಕೆ ಈ ವಿಚಿತ್ರ ಮಾನ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಅಕ್ಷಾಂಶದ ಒಂದು ಮಿನಿಟು, ಅಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗ, ಭೂಮಿಯ ಮೇಲೆ ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲಿ (1.852 ಕಿ.ಮೀ.). ಹಾಗಾಗಿ ನಕ್ಷೆಯ ಎಡ ಬಲ ಅಂಚುಗಳಲ್ಲಿರುವ ಅಕ್ಷಾಂಶದ ಗುರುತುಗಳೇ ಅಳತೆಪಟ್ಟಿ. ಮೇಲೆ ಕೆಳಗೆ ಇರುವ ರೇಖಾಂಶದ ಗುರುತುಗಳನ್ನು ಹಾಗೆ ಬಳಸಕೂಡದು. ಧ್ರುವದ ಕಡೆಗೆ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುವುದರಿಂದ, ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ರೇಖಾಂಶದ ಒಂದು ಮಿನಿಟು 0.974 ನಾಟಿಕಲ್ ಮೈಲಿ ಮಾತ್ರ. ಇದು 13 ಡಿಗ್ರಿಯ ಕೊಸೈನ್.

ಜಕ್ಕೂರು ಸುಮಾರು 13 ಡಿಗ್ರಿ 5 ಮಿನಿಟು ಉತ್ತರ, 77 ಡಿಗ್ರಿ 36 ಮಿನಿಟು ಪೂರ್ವದಲ್ಲಿದೆ. ತುಮಕೂರು 13 ಡಿಗ್ರಿ 20 ಮಿನಿಟು, 77 ಡಿಗ್ರಿ 6 ಮಿನಿಟು. ಎಂದರೆ 15 ಮಿನಿಟು ಉತ್ತರಕ್ಕೆ, 30 ಮಿನಿಟು ಪಶ್ಚಿಮಕ್ಕೆ. ಪೈಥಾಗೊರಸ್ ಪ್ರಮೇಯ ಹಾಕಿದರೆ ದೂರ 33 ನಾಟಿಕಲ್ ಮೈಲಿ (61 ಕಿ.ಮೀ.), ಟ್ಯಾಂಜೆಂಟ್ ನೋಡಿದರೆ ದಿಕ್ಕು 297 ಡಿಗ್ರಿ. ಉತ್ತರವನ್ನು ಸೊನ್ನೆ ಎಂದಿಟ್ಟುಕೊಂಡು ಗಡಿಯಾರದ ಮುಳ್ಳಿನಂತೆ ಎಣಿಸುವ ಕ್ರಮ ಇದು. ಪೈಲಟ್ ಈ ಲೆಕ್ಕವನ್ನು ಮಾಡುವುದಿಲ್ಲ. ನಕ್ಷೆಯ ಮೇಲೆ ಗೆರೆ ಎಳೆದು ಕೋನಮಾಪಕ ಇಟ್ಟು ಓದಿಕೊಳ್ಳುತ್ತಾರೆ. ಎರಡೂ ಒಂದೇ ಉತ್ತರ ಕೊಡುತ್ತವೆಯೇ ಎಂದು ತರಗತಿಯಲ್ಲಿ ಪರೀಕ್ಷಿಸಬಹುದು.

ವಿಮಾನದ ವೇಗ ಗಾಳಿಯಲ್ಲಿ 100 ನಾಟ್ (ಗಂಟೆಗೆ 100 ನಾಟಿಕಲ್ ಮೈಲಿ) ಎಂದಿರಲಿ. ಮೂತಿಯನ್ನು 297ಕ್ಕೆ ತಿರುಗಿಸಿ 20 ನಿಮಿಷ ಕಾದರೆ ತುಮಕೂರು ಸಿಗಬೇಕಲ್ಲವೆ? ಸಿಗುವುದಿಲ್ಲ. ವಿಮಾನ ಹಾರುವುದು ಗಾಳಿಯೊಳಗೆ. ಆ ಗಾಳಿಯೇ ನೆಲದ ಮೇಲೆ ಚಲಿಸುತ್ತಿರುತ್ತದೆ. ಹರಿಯುವ ಹೊಳೆಯಲ್ಲಿ ಅಂಬಿಗ ಎದುರು ದಡದ ಮರಕ್ಕೆ ನೇರ ಗುರಿಯಿಟ್ಟು ಹುಟ್ಟು ಹಾಕಿದರೆ ಎಲ್ಲಿ ತಲಪುತ್ತಾನೆಂಬುದು ನಿಮಗೆ ಗೊತ್ತು.

ಮುಂಗಾರಿನಲ್ಲಿ ನಮ್ಮ ಪ್ರಸ್ಥಭೂಮಿಯ ಮೇಲೆ ಪಡುವಣ ಗಾಳಿ ಬಲವಾಗಿ ಬೀಸುತ್ತದೆ. ಅದು 260 ಡಿಗ್ರಿ ದಿಕ್ಕಿನಿಂದ 20 ನಾಟ್ ವೇಗದಲ್ಲಿ ಬರುತ್ತಿದೆ ಎನ್ನೋಣ. ನಮ್ಮ ದಾರಿಗೂ ಗಾಳಿ ಬರುವ ದಿಕ್ಕಿಗೂ ನಡುವೆ 37 ಡಿಗ್ರಿ. ಇದು ಶಾಲೆಯ 3-4-5 ತ್ರಿಭುಜದ ಕೋನವೇ ಆಗಿರುವುದು ನಮ್ಮ ಅದೃಷ್ಟ. 20 ನಾಟ್ ಗಾಳಿಯನ್ನು ಎರಡು ಘಟಕಗಳಾಗಿ ಒಡೆದರೆ 16 ನಾಟ್ ಎದುರಿನಿಂದ ತಡೆಯುತ್ತದೆ, 12 ನಾಟ್ ಎಡದಿಂದ ಬಲಕ್ಕೆ ತಳ್ಳುತ್ತದೆ. ಗಾಳಿಯನ್ನು ಲೆಕ್ಕಿಸದೆ 297ರಲ್ಲೇ ಮೂತಿಯಿಟ್ಟು ಹೊರಟರೆ ವಿಮಾನ ಗಂಟೆಗೆ 84 ಮೈಲಿ ಮುಂದಕ್ಕೂ 12 ಮೈಲಿ ಬಲಕ್ಕೂ ಹೋಗುತ್ತದೆ. ಏಳಕ್ಕೆ ಒಂದು; ಕೋನದಲ್ಲಿ 8 ಡಿಗ್ರಿ.

ಎಂಟು ಡಿಗ್ರಿ ತಾನೆ ಎನ್ನಬೇಡಿ. ನಕ್ಷೆಯನ್ನು ನೋಡಿ. ಜಕ್ಕೂರು–ತುಮಕೂರು ಗೆರೆಯ ಎಡಕ್ಕೆ, ಆರು ಮೈಲಿಯೊಳಗೆ, ಶಿವಗಂಗೆಯಿದೆ. ಎತ್ತರ 1,300 ಮೀಟರಿಗೂ ಹೆಚ್ಚು. ಬಲಕ್ಕೆ ದೇವರಾಯನದುರ್ಗ, ಸುಮಾರು 1,200 ಮೀಟರ್, ಎಂದರೆ 3,900 ಅಡಿಗೂ ಮೇಲೆ. ಜಕ್ಕೂರಿನಿಂದ ನೋಡಿದರೆ ದೇವರಾಯನದುರ್ಗ ಇರುವುದು ತುಮಕೂರಿನ ದಿಕ್ಕಿಗಿಂತ ಸುಮಾರು 9 ಡಿಗ್ರಿ ಬಲಕ್ಕೆ! ಗಾಳಿ ತಳ್ಳಿದ ವಿಮಾನ ಇಪ್ಪತ್ತು ನಿಮಿಷದ ಹೊತ್ತಿಗೆ ಬರುವುದು ಆ ಬೆಟ್ಟದ ಮಗ್ಗುಲಿಗೇ. ಮಳೆಗಾಲದಲ್ಲಿ ಆ ಬೆಟ್ಟದ ತಲೆಯ ಮೇಲೆ ಮೋಡ ಕುಳಿತಿರುವುದನ್ನು ತುಮಕೂರಿನವರೆಲ್ಲ ಕಂಡಿದ್ದಾರೆ. ಮೋಡ ತಪ್ಪಿಸಲು ಕೆಳಕ್ಕಿಳಿದವರಿಗೆ ಬೆಟ್ಟ ಎದುರಾಗುತ್ತದೆ. ಆದ್ದರಿಂದಲೇ ಹೊರಡುವ ಮುನ್ನ ಗೆರೆಯ ಎರಡೂ ಪಕ್ಕದ ಅತಿ ಎತ್ತರದ ಬಿಂದುವನ್ನು ಹುಡುಕಿ, ಅದಕ್ಕೆ ಕನಿಷ್ಠ ಸಾವಿರ ಅಡಿ ಕೂಡಿಸಿ, 'ಇದಕ್ಕಿಂತ ಕೆಳಗಿಳಿಯುವಂತಿಲ್ಲ' ಎಂದು ಬರೆದಿಟ್ಟುಕೊಳ್ಳುವ ಪದ್ಧತಿ. ನಮ್ಮ ಹಾದಿಯಲ್ಲಿ ಆ ಎತ್ತರವನ್ನು ನಿರ್ಧರಿಸುವುದು ಶಿವಗಂಗೆ.

ಪರಿಹಾರ ಸುಲಭ. ಎಡಕ್ಕೆ 7 ಡಿಗ್ರಿ ತಿರುಗಿ 290ರಲ್ಲಿ ಮೂತಿಯಿಟ್ಟರೆ (0.12ರ ವಿಲೋಮ ಸೈನ್ ನೋಡಿ) ಬಲಕ್ಕೆ ತಳ್ಳುವ ಗಾಳಿ ರದ್ದಾಗುತ್ತದೆ. ನೆಲದ ಮೇಲಿನ ವೇಗ 83 ನಾಟ್. ತುಮಕೂರಿಗೆ 24 ನಿಮಿಷ. ದಿಕ್ಸೂಚಿ ತೋರುವುದು ಕಾಂತೀಯ ಉತ್ತರವನ್ನಾದ್ದರಿಂದ ಇನ್ನೊಂದು ತಿದ್ದುಪಡಿ ಇದೆ, ಆದರೆ ನಮ್ಮಲ್ಲಿ ಅದು ಪಶ್ಚಿಮಕ್ಕೆ ಒಂದೆರಡು ಡಿಗ್ರಿಯಷ್ಟೆ. ಕೂಡಿಸಿ 291 ಅಥವಾ 292 ಎಂದು ಹಾರಬೇಕು. ಕೆನಡಾದ ಉತ್ತರದಲ್ಲಿ ಕಲಿಯುವವರಿಗೆ ಈ ಅನುಕೂಲವಿಲ್ಲ.

ಇಷ್ಟಾದರೂ ಹೇಳಿದ ಗಾಳಿಯೇ ಮೇಲೆ ಬೀಸುತ್ತದೆಂಬ ಖಾತ್ರಿ ಇಲ್ಲ. ಆದ್ದರಿಂದ ದಾರಿಯಲ್ಲಿ ಪರೀಕ್ಷಿಸಿಕೊಳ್ಳಬೇಕು. ಹೊಸಬರು ತಪ್ಪುವುದು ಇಲ್ಲಿ. ಕಿಟಕಿಯಿಂದ ಕೆಳಗೆ ನೋಡಿ, ಕಂಡ ಕೆರೆಯನ್ನು ನಕ್ಷೆಯಲ್ಲಿ ಹುಡುಕತೊಡಗುತ್ತಾರೆ. ತುಮಕೂರು ಜಿಲ್ಲೆಯಲ್ಲಿ ಕೆರೆಗೆ ಬರವೆ? ಒಂದು ಏರಿ, ಒಂದು ಕೋಡಿ, ಪಕ್ಕದಲ್ಲಿ ತೆಂಗಿನ ತೋಟ, ಒಂದು ಗುಡಿ: ಈ ವರ್ಣನೆಗೆ ಹೊಂದುವ ಕೆರೆ ನಕ್ಷೆಯ ಯಾವ ಮೂಲೆಯಲ್ಲಾದರೂ ಸಿಗುತ್ತದೆ. ಮನಸ್ಸು ತನಗೆ ಬೇಕಾದ ಕೆರೆಯನ್ನೇ ಆರಿಸಿಕೊಂಡು ಸಮಾಧಾನಪಡುತ್ತದೆ. ಬೇಸಗೆಯಲ್ಲಿ ನಕ್ಷೆಯ ನೀಲಿ ಕೆರೆ ನೆಲದ ಮೇಲೆ ಕಂದು ಬಯಲಾಗಿರುವುದು ಬೇರೆ ತೊಂದರೆ.

ಇದು ಹೊಸಬರ ತಪ್ಪು ಮಾತ್ರ ಅಲ್ಲ. 1972ರ ಸೆಪ್ಟೆಂಬರ್ 24ರಂದು ಜಪಾನ್ ಏರ್‌ಲೈನ್ಸ್‌ನ ದೊಡ್ಡ ಡಿಸಿ-8 ವಿಮಾನವೊಂದು ಮುಂಬಯಿಯ ಸಾಂತಾಕ್ರೂಜ್ ನಿಲ್ದಾಣಕ್ಕೆ ಬದಲಾಗಿ ಹತ್ತಿರದ ಪುಟ್ಟ ಜುಹು ತಾಣದಲ್ಲಿ ಇಳಿದು, ಓಡುದಾರಿ ಸಾಲದೆ ಆಚೆಗೆ ನುಗ್ಗಿ ನಿಂತಿತು. ಪ್ರಾಣಹಾನಿಯಾಗಲಿಲ್ಲ. ಎರಡೂ ಓಡುದಾರಿಗಳ ದಿಕ್ಕು ಹೆಚ್ಚುಕಡಿಮೆ ಒಂದೇ. ಅನುಭವಿಗಳ ಕಣ್ಣೂ ಕಂಡದ್ದನ್ನು ನಿರೀಕ್ಷೆಗೆ ಹೊಂದಿಸಿಕೊಂಡುಬಿಡುತ್ತದೆ.

ಸರಿಯಾದ ಕ್ರಮ ಇದರ ತಿರುವುಮುರುವು: ಮೊದಲು ಗಡಿಯಾರ, ಆಮೇಲೆ ನಕ್ಷೆ, ಕೊನೆಗೆ ನೆಲ. 'ಹೊರಟು ಆರು ನಿಮಿಷವಾಯಿತು. 83 ನಾಟ್‌ನಲ್ಲಿ 8 ಮೈಲಿ ಬಂದಿರಬೇಕು. ನಕ್ಷೆಯ ಪ್ರಕಾರ ಅಲ್ಲಿ ಹೆಸರಘಟ್ಟ ಕೆರೆ, ಗೆರೆಗೆ ಸ್ವಲ್ಪ ಬಲಕ್ಕೆ. ಈಗ ನೋಡುತ್ತೇನೆ, ಇದೆಯೆ?' ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರ. ಭೌತವಿಜ್ಞಾನದಲ್ಲಿ ನಾವು ಮಾಡುವುದೂ ಇದನ್ನೇ. ಮೊದಲು ಸಿದ್ಧಾಂತ ಹೇಳಿದ ಬೆಲೆಯನ್ನು ಬರೆದಿಟ್ಟು, ಆಮೇಲೆ ಮಾಪಕ ಓದುತ್ತೇವೆ. ಮಾಪಕ ಓದಿ ಆಮೇಲೆ ಸಿದ್ಧಾಂತ ಬರೆಯುವ ವಿದ್ಯಾರ್ಥಿಗಳ ಪ್ರಯೋಗ ಪುಸ್ತಕಗಳನ್ನು ಮೂವತ್ತು ವರ್ಷ ತಿದ್ದಿದ್ದೇನೆ; ಅವುಗಳಲ್ಲಿ ದೋಷವೇ ಇರುವುದಿಲ್ಲ!

ಉತ್ತರ 'ಇಲ್ಲ' ಎಂದು ಬಂದರೆ? ಇದಕ್ಕೆ ಪೈಲಟ್‌ಗಳ ಬಳಿ 'ಅರವತ್ತಕ್ಕೆ ಒಂದು' ಎಂಬ ಸೊಗಸಾದ ಬಾಯಿಲೆಕ್ಕವಿದೆ. 60 ಮೈಲಿ ಹೋದಾಗ ಒಂದು ಮೈಲಿ ಪಕ್ಕಕ್ಕೆ ಸರಿದಿದ್ದರೆ ತಪ್ಪಿದ ಕೋನ ಒಂದು ಡಿಗ್ರಿ. ಒಂದು ರೇಡಿಯನ್ ಎಂದರೆ 57.3 ಡಿಗ್ರಿ, ಸಣ್ಣ ಕೋನಗಳಿಗೆ ಅದನ್ನು 60 ಎಂದು ದುಂಡಗೆ ಮಾಡಿಕೊಂಡದ್ದಷ್ಟೆ. ಹೆಸರಘಟ್ಟದ ಬಳಿ, 8 ಮೈಲಿ ಬಂದಾಗ, 0.7 ಮೈಲಿ ಬಲಕ್ಕೆ ಇದ್ದೇವೆ ಎನ್ನಿ. ತಪ್ಪಿದ್ದು 0.7 × 60 ÷ 8, ಸುಮಾರು 5 ಡಿಗ್ರಿ. ಉಳಿದ 25 ಮೈಲಿಯಲ್ಲಿ ಗುರಿಯನ್ನು ಸೇರಲು 0.7 × 60 ÷ 25, ಇನ್ನೂ ಸುಮಾರು 2 ಡಿಗ್ರಿ. ಎಡಕ್ಕೆ 7 ಡಿಗ್ರಿ ತಿರುಗಿದರೆ ಆಯಿತು. ಇದೇ ತಪ್ಪನ್ನು ಗಮನಿಸದೆ ದಾಬಸ್‌ಪೇಟೆಯವರೆಗೆ ಬಂದರೆ? ಹದಿನೇಳನೆಯ ನಿಮಿಷಕ್ಕೆ, 23 ಮೈಲಿಯಲ್ಲಿ, ಆ ಊರು ಎಡಗಡೆ 2 ಮೈಲಿಯೊಳಗೆ ಕಾಣಬೇಕಿತ್ತು; ಈಗ ಸುಮಾರು 4 ಮೈಲಿ ದೂರದಲ್ಲಿದೆ. ಉಳಿದಿರುವುದು ಹತ್ತೇ ಮೈಲಿ. ಲೆಕ್ಕ ಹಾಕಿ: 5 ಮತ್ತು 12, ಒಟ್ಟು 17 ಡಿಗ್ರಿ ತಿರುಗಬೇಕು.

ಉದ್ದೇಶಪೂರ್ವಕವಾಗಿ ಸ್ವಲ್ಪ ತಪ್ಪಿ ಹಾರುವ ಉಪಾಯವೂ ಒಂದಿದೆ. ಫ್ರಾನ್ಸಿಸ್ ಚಿಚೆಸ್ಟರ್ 1931ರಲ್ಲಿ ನ್ಯೂಜಿಲೆಂಡಿನಿಂದ ಆಸ್ಟ್ರೇಲಿಯಕ್ಕೆ ಪುಟ್ಟ ವಿಮಾನದಲ್ಲಿ ಒಬ್ಬನೇ ಹಾರಿದಾಗ, ನಡುಗಡಲಿನ ನಾರ್ಫೋಕ್ ದ್ವೀಪಕ್ಕೆ ನೇರ ಗುರಿಯಿಡದೆ ಬೇಕೆಂದೇ ಒಂದು ಪಕ್ಕಕ್ಕೆ ಸರಿದು ಹಾರಿದ. ಹೀಗಾಗಿ ದ್ವೀಪ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬ ಅನುಮಾನವೇ ಉಳಿಯಲಿಲ್ಲ. ಸೂರ್ಯನ ಎತ್ತರ ಅಳೆದು ಸಕಾಲದಲ್ಲಿ ತಿರುಗಿದ. ನಮ್ಮ ವಿದ್ಯಾರ್ಥಿನಿಯೂ ದಾಬಸ್‌ಪೇಟೆಯ ನಂತರ ಸ್ವಲ್ಪ ಎಡಕ್ಕೆ ವಾಲಿದರೆ ಹೆದ್ದಾರಿ ಸಿಕ್ಕೇ ಸಿಗುತ್ತದೆ. ಬಲಕ್ಕೆ ತಿರುಗಿ ಅದನ್ನೇ ಹಿಡಿದು ಬಂದರೆ ಬಟವಾಡಿಯ ಕವಲು: ಒಂದು ದಾರಿ ಉತ್ತರಕ್ಕೆ, ಒಂದು ಊರೊಳಕ್ಕೆ. ಕೆರೆಗಳಂತಲ್ಲ, ಇಂಥ ಕವಲು ಸುತ್ತಮುತ್ತ ಇನ್ನೊಂದಿಲ್ಲ. ಒಳ್ಳೆಯ ಗುರುತು ಎಂದರೆ ದೊಡ್ಡದಲ್ಲ, ಬೇರೆ ಯಾವುದರೊಡನೆಯೂ ಗೊಂದಲವಾಗದ್ದು.

ಜಿಪಿಎಸ್ ಇರುವಾಗ ಇದೆಲ್ಲ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳಿಂದ ಬರುವ ಸಂಕೇತ ತೀರ ದುರ್ಬಲ. ಅದನ್ನು ಅಡಗಿಸುವುದೂ ಸುಳ್ಳು ಸಂಕೇತ ಕಳಿಸುವುದೂ ಸಾಧ್ಯ. ಪರದೆ ಆರಿಹೋದ ಕ್ಷಣದಲ್ಲಿ, ತಾನೀಗ ಎಲ್ಲಿರಬೇಕು ಎಂಬ ನಿರೀಕ್ಷೆ ಮೊದಲೇ ಇಟ್ಟುಕೊಂಡವರಿಗೆ ಹೆಚ್ಚು ನಷ್ಟವಿಲ್ಲ. ಪರದೆಯನ್ನಷ್ಟೇ ನೋಡುತ್ತ ಬಂದವರಿಗೆ ಆ ಕ್ಷಣದಿಂದ ಎಲ್ಲ ಕೆರೆಗಳೂ ಒಂದೇ.

ಉಳಿದ ಎರಡು ಭುಜಗಳನ್ನು ತರಗತಿಗೆ ಬಿಡುತ್ತೇನೆ. ಕುಣಿಗಲ್ 13 ಡಿಗ್ರಿ 1 ಮಿನಿಟು, 77 ಡಿಗ್ರಿ 2 ಮಿನಿಟು ಎಂದು ಹಿಡಿಯಿರಿ, ದೊಡ್ಡಕೆರೆಯೇ ಗುರುತು. ಗಾಳಿ ಅದೇ ಇರಲಿ. ತುಮಕೂರಿನಿಂದ ಅಲ್ಲಿಗೆ ಮೂತಿ 203 ಡಿಗ್ರಿ, ಸುಮಾರು 13 ನಿಮಿಷ ಬರಬೇಕು. ಅಲ್ಲಿಂದ ಜಕ್ಕೂರಿಗೆ ಮತ್ತೆ 33 ಮೈಲಿ, ಆದರೆ ಗಾಳಿ ಈಗ ಬೆನ್ನಿಗಿದೆ. 17 ನಿಮಿಷ ಸಾಕು. ಮೂರನ್ನೂ ಕೂಡಿದರೆ 54. ಗಾಳಿಯೇ ಇಲ್ಲದ ದಿನ ಇದೇ ಸುತ್ತಿಗೆ 52 ನಿಮಿಷ ಸಾಕಾಗುತ್ತಿತ್ತು. ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಗಾಳಿ ಪೂರ್ತಿ ಹಿಂದಿರುಗಿಸುವುದಿಲ್ಲ ಏಕೆ? 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಬೆಳಕಿನ ಕಿರಣಗಳಿಗೆ ಹಾಕಿದ್ದೂ ಇದೇ ಲೆಕ್ಕವನ್ನು. ಪದವಿ ತರಗತಿಯವರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಟ್ಯಾಂಕಿಗೆ ಎಷ್ಟು ಇಂಧನ ತುಂಬಿಸಬೇಕೆಂದು ಕೇಳಿದಾಗ ನಮ್ಮ ವಿದ್ಯಾರ್ಥಿನಿ ಹೇಳಬೇಕಾದದ್ದು 52 ನಿಮಿಷಕ್ಕಲ್ಲ, 54ಕ್ಕೂ ಅಲ್ಲ. ದಾರಿ ತಪ್ಪಿದರೆ ಹುಡುಕಲು ಬೇಕಾದ ಹೆಚ್ಚುವರಿಯನ್ನೂ ಸೇರಿಸಿ.