ಸ್ಮ್ಯಾಶ್ ಆಮೇಲೆ, ಮೊದಲು ಟಾಸ್

ಜಯನಗರದ ಕೋರ್ಟಿಗೆ ಹೋದ ಮೊದಲ ದಿನವೇ ಸ್ಮ್ಯಾಶ್ ಹೊಡೆಯಲು ಹೋಗಿ ನನ್ನ ಭುಜ ಹಿಡಿದುಕೊಂಡಿತು. ಸ್ಟುಡಿಯೋದಲ್ಲಿ ಅಬ್ಬರಿಸಿ ಅಭ್ಯಾಸ ನೋಡಿ! ಕೋಚ್ ಅಂದ್ರು: 'ಸಾರ್, ಮೊದಲು ಟಾಸ್ ಕಲೀರಿ.' ಶಟಲ್ ಎತ್ತರಕ್ಕೆ ಹೋಗಿ ಎದುರಾಳಿಯ ಹಿಂದಿನ ಗೆರೆ ಹತ್ತಿರ ಬೀಳಬೇಕು. ಅವನು ಹಿಂದಕ್ಕೆ ಓಡ್ತಾನೆ, ಮುಂದೆ ಜಾಗ ಖಾಲಿ. ಆಮೇಲೆ ಅದೇ ತೋಳಿನ ಬೀಸು, ಕೊನೇ ಗಳಿಗೆಯಲ್ಲಿ ಕೈ ಮೆತ್ತಗೆ. ಶಟಲ್ ನೆಟ್ ದಾಟಿ ಅಲ್ಲೇ ಬೀಳುತ್ತೆ. ಅದು ಡ್ರಾಪ್.

ಮಲ್ಲೇಶ್ವರದ ಮದುವೆ ಹಾಲ್‌ನಲ್ಲಿ ಆಡಿ ಬೆಳೆದ ಪ್ರಕಾಶ್ ಪಡುಕೋಣೆ 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ, ಜಿಗಿದು ಸ್ಮ್ಯಾಶ್ ಹೊಡೆಯುವ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿದ್ದು ಬಲದಿಂದಲ್ಲ, ಇಂಥ ಜಾಣ ಹೊಡೆತಗಳಿಂದ.

ನನ್ನ ಟಾಸ್ ಇನ್ನೂ ಅರ್ಧ ಕೋರ್ಟಿಗೇ ಬೀಳ್ತಿದೆ. ಎದುರಿಗಿರುವ ಹತ್ತು ವರ್ಷದ ಹುಡುಗಿ ಅದನ್ನು ಸ್ಮ್ಯಾಶ್ ಮಾಡ್ತಾಳೆ.