ಇಯರ್‌ಬಡ್ಸ್ ಡಬ್ಬಿ ಮೇಲಿನ ಆಪ್ಟ್‌ಎಕ್ಸ್: ನಾವು ದುಡ್ಡು ಕೊಡೋದು ಯಾವುದಕ್ಕೆ?

ಇವತ್ತಿನ ಸಂಚಿಕೆ ಒಂದು ತಪ್ಪೊಪ್ಪಿಗೆಯಿಂದ ಶುರು. ಕೆಲವು ತಿಂಗಳ ಹಿಂದೆ ಇಲ್ಲೇ ನನ್ನ ಹೊಸ ಇಯರ್‌ಬಡ್ಸ್ ಬಗ್ಗೆ ಹೊಗಳಿ ಮಾತಾಡಿದ್ದೆ. "ಆಪ್ಟ್‌ಎಕ್ಸ್ ಇದೆ, ಸೌಂಡ್ ಎಷ್ಟು ಕ್ಲಿಯರ್ ಗೊತ್ತಾ" ಅಂತ. ನನ್ನ ಮಾತು ಕೇಳಿ ನಿಮ್ಮಲ್ಲಿ ಕೆಲವರು ಅದನ್ನೇ ಕೊಂಡ್ರಿ. ಆಮೇಲೆ ಒಂದಿನ ಫೋನಿನ ಸೆಟ್ಟಿಂಗ್ಸ್ ಒಳಗೆ ಹೋಗಿ ನೋಡಿದ್ರೆ, ನನ್ನ ಫೋನಿನಲ್ಲಿ ಆಪ್ಟ್‌ಎಕ್ಸ್ ಇರಲೇ ಇಲ್ಲ. ಅಷ್ಟು ದಿನ ನಾನು ಕೇಳಿ ಹೊಗಳಿದ್ದು ಎಸ್‌ಬಿಸಿ ಅನ್ನೋ ಮಾಮೂಲಿ ಕೋಡೆಕ್ ಅನ್ನು.

ಹಾಗಾದ್ರೆ ಈ ಆಪ್ಟ್‌ಎಕ್ಸ್ ಅಂದ್ರೇನು?

ಮೊದಲು ಲೆಕ್ಕ. ಸಿ.ಡಿ. ಗುಣಮಟ್ಟದ ಹಾಡಿನಲ್ಲಿ ಸೆಕೆಂಡಿಗೆ 44,100 ಸಲ ಧ್ವನಿಯನ್ನ ಅಳೆದಿರ್ತಾರೆ. ಪ್ರತಿ ಅಳತೆಗೆ 16 ಬಿಟ್, ಎಡ-ಬಲ ಎರಡು ಚಾನೆಲ್. ಒಟ್ಟು ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ಬ್ಲೂಟೂತ್ ಇಷ್ಟನ್ನ ಒಂದೇ ಸಮನೆ ಸಾಗಿಸೋದು ಕಷ್ಟ. ಅದಕ್ಕೇ ಫೋನ್ ಕಡೆ ಧ್ವನಿಯನ್ನ ಕುಗ್ಗಿಸಿ, ಇಯರ್‌ಬಡ್ಸ್ ಕಡೆ ಮತ್ತೆ ಬಿಡಿಸಬೇಕು. ಈ ಕೆಲಸ ಮಾಡೋದೇ ಕೋಡೆಕ್.

ಆಪ್ಟ್‌ಎಕ್ಸ್ ಹುಟ್ಟಿದ್ದು ಬ್ಲೂಟೂತ್‌ಗಲ್ಲ. 1980ರ ದಶಕದಲ್ಲಿ ಉತ್ತರ ಐರ್ಲೆಂಡಿನ ಕ್ವೀನ್ಸ್ ಯೂನಿವರ್ಸಿಟಿ ಬೆಲ್‌ಫಾಸ್ಟ್‌ನಲ್ಲಿ ಸ್ಟೀಫನ್ ಸ್ಮಿತ್ ತಮ್ಮ ಸಂಶೋಧನೆಯಲ್ಲಿ ಇದನ್ನ ರೂಪಿಸಿದ್ರು. ಮೊದಲು ಕೈಹಿಡಿದವರು ರೇಡಿಯೊದವರು. 1993ರಲ್ಲಿ 'ಜುರಾಸಿಕ್ ಪಾರ್ಕ್' ಬಂದಾಗ ಡಿಟಿಎಸ್ ಧ್ವನಿ ಫಿಲಂ ರೀಲ್ ಮೇಲೆ ಇರಲಿಲ್ಲ, ಬೇರೆ ಡಿಸ್ಕ್‌ನಲ್ಲಿತ್ತು. ರೀಲ್ ಮೇಲಿನ ಟೈಮ್‌ಕೋಡ್ ಅದನ್ನ ಚಿತ್ರದ ಜೊತೆ ಜೋಡಿಸ್ತಿತ್ತು. ಆ ಡಿಸ್ಕ್‌ನ ಧ್ವನಿಯನ್ನ ಕುಗ್ಗಿಸಿದ್ದು ಇದೇ ತಂತ್ರ. ಥಿಯೇಟರ್‌ನಲ್ಲಿ ಡೈನೋಸಾರ್ ಗರ್ಜಿಸಿದ್ದು ಆಪ್ಟ್‌ಎಕ್ಸ್ ಮೂಲಕ!

ಈಗ ಒಳಗಿನ ಕೆಲಸ. ನಮ್ಮ ಮನೆಗಳಲ್ಲಿ ಹಾಲಿನ ಲೆಕ್ಕ ಹೇಗೆ ಇಡ್ತಾರೆ ನೆನಪಿಸಿಕೊಳ್ಳಿ. ದಿನಾ ಒಂದು ಲೀಟರ್ ಅಂತ ಮಾತಾಗಿದ್ರೆ ಅದನ್ನ ಯಾರೂ ದಿನಾ ಬರೆಯಲ್ಲ. ಅರ್ಧ ಲೀಟರ್ ಹೆಚ್ಚೋ ಕಮ್ಮಿಯೋ ಆದ ದಿನ ಮಾತ್ರ ಕ್ಯಾಲೆಂಡರ್ ಮೇಲೆ ಗುರುತು ಹಾಕ್ತಾರೆ. ತಿಂಗಳ ಕೊನೆಗೆ ಹಾಲಿನವರೂ ಅಮ್ಮನೂ ಕೂತು ಲೆಕ್ಕ ಹಾಕಿದ್ರೆ ಇಬ್ಬರ ಮೊತ್ತವೂ ಒಂದೇ.

ಆಪ್ಟ್‌ಎಕ್ಸ್ ಮಾಡೋದೂ ಹೆಚ್ಚುಕಮ್ಮಿ ಇದನ್ನೇ. ಹಿಂದಿನ ಅಳತೆಗಳನ್ನ ನೋಡಿ ಮುಂದಿನದು ಎಷ್ಟಿರಬಹುದು ಅಂತ ಅಂದಾಜು ಮಾಡುತ್ತೆ. ನಿಜವಾದ ಅಳತೆಗೂ ಅಂದಾಜಿಗೂ ಇರೋ ವ್ಯತ್ಯಾಸವನ್ನ ಮಾತ್ರ ಕಳಿಸುತ್ತೆ. ಇಯರ್‌ಬಡ್ಸ್ ಕೂಡ ಅದೇ ನಿಯಮದಿಂದ ಅದೇ ಅಂದಾಜು ಮಾಡಿ, ಬಂದ ವ್ಯತ್ಯಾಸವನ್ನ ಕೂಡಿಸಿಕೊಳ್ಳುತ್ತೆ. ಮನೆಯಲ್ಲಿ ಮದುವೆ ಇದ್ದಾಗ ಅರ್ಧ ಲೀಟರ್ ಬದಲು ಐದೈದು ಲೀಟರ್ ಲೆಕ್ಕದಲ್ಲಿ ಬರೆದ ಹಾಗೆ, ಸದ್ದು ಜೋರಾಗಿ ಏರಿಳಿದಾಗ ಇದೂ ತನ್ನ ಅಳತೆಗೋಲನ್ನ ದೊಡ್ಡದು ಮಾಡಿಕೊಳ್ಳುತ್ತೆ. ಆಗ ಸಣ್ಣಪುಟ್ಟ ವಿವರ ಸ್ವಲ್ಪ ಕಳೆದುಹೋಗುತ್ತೆ, ನಿಜ.

ಇನ್ನೊಂದು ಜಾಣತನ ಇದೆ. ಧ್ವನಿಯನ್ನ ಮೊದಲೇ ನಾಲ್ಕು ಭಾಗ ಮಾಡುತ್ತೆ, ಕೆಳಗಿನ ಸ್ವರದಿಂದ ಮೇಲಿನ ಸ್ವರದವರೆಗೆ. ಸಂಗೀತದ ಶಕ್ತಿ ಹೆಚ್ಚಾಗಿ ಕೆಳಭಾಗದಲ್ಲೇ ಇರೋದ್ರಿಂದ ಅದಕ್ಕೆ 7 ಬಿಟ್, ಅದರ ಮೇಲಿನದಕ್ಕೆ 4, ಉಳಿದೆರಡಕ್ಕೆ ಸೇರಿ 5. ಒಟ್ಟು 16. ನಾಲ್ಕು ಅಳತೆಗೆ 64 ಬಿಟ್ ಬೇಕಿದ್ದ ಕಡೆ 16ರಲ್ಲಿ ಮುಗೀತು. ಅಂದ್ರೆ ಕಾಲು ಭಾಗ: 1,411 ಇದ್ದದ್ದು ಸುಮಾರು 352 ಕಿಲೋಬಿಟ್. ಎಂಪಿ3 ಥರ "ಈ ಸದ್ದು ಮನುಷ್ಯರ ಕಿವಿಗೆ ಕೇಳಿಸಲ್ಲ, ತೆಗೆದುಬಿಡು" ಅನ್ನೋ ಲೆಕ್ಕಾಚಾರ ಇದರಲ್ಲಿಲ್ಲ. ಆ ಲೆಕ್ಕಕ್ಕೆ ಧ್ವನಿಯ ದೊಡ್ಡ ತುಂಡು ಬರೋವರೆಗೂ ಕಾಯಬೇಕು. ಇದು ಕಾಯೋದು ಬಹಳ ಕಮ್ಮಿ. ನೇರಪ್ರಸಾರದ ರೇಡಿಯೊಗೆ ಬೇಕಾಗಿದ್ದೂ ಅದೇ.

ನಾನು ಕಾಮರ್ಸ್ ಓದಿದವನು, ಹಾಗಾಗಿ ಕುತೂಹಲ ದುಡ್ಡಿನ ಕಡೆ. 2010ರಲ್ಲಿ ಸಿಎಸ್‌ಆರ್ ಅನ್ನೋ ಬ್ರಿಟನ್ನಿನ ಬ್ಲೂಟೂತ್ ಚಿಪ್ ಕಂಪನಿ ಆಪ್ಟ್‌ಎಕ್ಸ್ ಅನ್ನು ಕೊಂಡ್ಕೊಳ್ತು. 2015ರಲ್ಲಿ ಆ ಸಿಎಸ್‌ಆರ್ ಅನ್ನೇ ಕ್ವಾಲ್ಕಾಮ್ ಕೊಂಡ್ಕೊಳ್ತು. ಡಬ್ಬಿ ಮೇಲಿನ ಲೋಗೊ ಹಿಂದೆ ಇರೋದು ಲೈಸೆನ್ಸ್. ಎಸ್‌ಬಿಸಿ ಹಾಗಲ್ಲ, ಬ್ಲೂಟೂತ್‌ನಲ್ಲಿ ಸಂಗೀತ ಕೇಳಿಸೋ ಪ್ರತಿ ಸಾಧನದಲ್ಲೂ ಅದು ಇರಲೇಬೇಕು ಅನ್ನೋದು ನಿಯಮ.

ನಾನು ಎಡವಿದ್ದು ಇಲ್ಲೇ. ಆಪ್ಟ್‌ಎಕ್ಸ್ ಫೋನಿನಲ್ಲೂ ಇರಬೇಕು, ಇಯರ್‌ಬಡ್ಸ್‌ನಲ್ಲೂ ಇರಬೇಕು. ಒಂದು ಕಡೆ ಇಲ್ಲ ಅಂದ್ರೂ ಇಬ್ಬರಿಗೂ ಗೊತ್ತಿರೋ ಬೇರೆ ಕೋಡೆಕ್‌ಗೆ ಸದ್ದಿಲ್ಲದೆ ಇಳಿದುಬಿಡುತ್ತೆ. ಐಫೋನ್ ಅಂತೂ ಎಸ್‌ಬಿಸಿ ಅಥವಾ ಎಎಸಿ ಮಾತ್ರ ಕಳಿಸುತ್ತೆ. ಐಫೋನ್ ಇಟ್ಕೊಂಡು ಈ ಲೋಗೊಗೋಸ್ಕರ ಹೆಚ್ಚು ದುಡ್ಡು ಕೊಟ್ರೆ ಅದು ನಷ್ಟ.

ಹಾಗಂತ ಎಸ್‌ಬಿಸಿ ಕಳಪೆಯಾ? ಅದರ ಉತ್ತಮ ಸೆಟ್ಟಿಂಗ್ 328 ಕಿಲೋಬಿಟ್. 352ಕ್ಕೂ ಇದಕ್ಕೂ ಎಷ್ಟು ದೂರ, ನೀವೇ ಹೇಳಿ. ಆದ್ರೆ ಕೆಲವು ಸಾಧನಗಳು ಅದನ್ನ ಇನ್ನೂ ಕೆಳಗೆ ಇಳಿಸಿ ಬಳಸ್ತವೆ, ಆಗ ವ್ಯತ್ಯಾಸ ಗೊತ್ತಾಗಬಹುದು. ಇನ್ನೊಂದು ವಿಷಯ: ಹಾಡು ಆ್ಯಪ್‌ನಲ್ಲೇ ಕುಗ್ಗಿ ಬಂದಿದ್ರೆ ಕಳೆದುಹೋದದ್ದನ್ನ ಯಾವ ಕೋಡೆಕ್ಕೂ ವಾಪಸ್ ತರಲ್ಲ. ನೀವೀಗ ಕೇಳ್ತಿರೋ ಈ ಪಾಡ್‌ಕಾಸ್ಟೇ ಎಂಪಿ3!

ನಿಮ್ಮಲ್ಲಿ ಆಂಡ್ರಾಯ್ಡ್ 8 ಅಥವಾ ಅದಕ್ಕಿಂತ ಹೊಸದಿದ್ರೆ ಇವತ್ತೇ ನೋಡಿ. 'ಅಬೌಟ್ ಫೋನ್'ನಲ್ಲಿ ಬಿಲ್ಡ್ ನಂಬರ್ ಹುಡುಕಿ ಏಳು ಸಲ ಒತ್ತಿ. 'ಡೆವಲಪರ್ ಆಪ್ಷನ್ಸ್' ತೆರೆದುಕೊಳ್ಳುತ್ತೆ. ಇಯರ್‌ಬಡ್ಸ್‌ನಲ್ಲಿ ಹಾಡು ಓಡ್ತಿರುವಾಗಲೇ ಅಲ್ಲಿ 'ಬ್ಲೂಟೂತ್ ಆಡಿಯೊ ಕೋಡೆಕ್' ಏನಿದೆ ನೋಡಿ. ಒಂದಕ್ಕಿಂತ ಹೆಚ್ಚು ಇದ್ರೆ, ಫೋನನ್ನ ಸ್ನೇಹಿತರ ಕೈಗೆ ಕೊಡಿ. ಅವರು ನಿಮಗೆ ಹೇಳದೆ ಬದಲಾಯಿಸಲಿ. ಹತ್ತು ಸಲದಲ್ಲಿ ಎಷ್ಟು ಸಲ ಸರಿಯಾಗಿ ಗುರುತಿಸ್ತೀರಿ, ಬರೆದಿಡಿ.

ನಾನು ಮಾಡದೆ ಬಿಟ್ಟಿದ್ದು ಈ ಪರೀಕ್ಷೆಯನ್ನೇ. ಲೋಗೊ ನೋಡಿದೆ, ಕಿವಿ ಒಪ್ಪಿಕೊಂಡುಬಿಡ್ತು. ನನ್ನ ಮಾತು ನಂಬಿ ಕೊಂಡವರ ಕ್ಷಮೆ ಇರಲಿ. ವಾಪಸ್ ಕೊಡೋ ಅವಧಿ ಇನ್ನೂ ಮುಗಿದಿಲ್ಲ ಅಂದ್ರೆ ಮೊದಲು ಸೆಟ್ಟಿಂಗ್ಸ್ ನೋಡಿ, ಆಮೇಲೆ ನಿರ್ಧಾರ ಮಾಡಿ. ಮುಂದಿನ ವಾರ ಸಿಗೋಣ.