ಕಾಂಕ್ರೀಟಿನ ಅಂಗಳ ತೊಳೆಯುವ ಯಂತ್ರ: ಕೊಳ್ಳುವ ಮುನ್ನ ನಾಲ್ಕು ಮಾತು



ಊರಿನಲ್ಲಿ ಬೆಳಗಾಗೆದ್ದು ಬಾಗಿಲಿಗೆ ನೀರು ಹಾಕಿ, ಗುಡಿಸಿ, ರಂಗೋಲಿ ಇಟ್ಟರೆ ಅಂಗಳದ ಕೆಲಸ ಮುಗಿಯಿತು. ಇಲ್ಲಿ ಅಮೆರಿಕದಲ್ಲಿ ನಮ್ಮ ಅಂಗಳವೆಂದರೆ ಕಾರು ನಿಲ್ಲುವ ಕಾಂಕ್ರೀಟಿನ ಡ್ರೈವ್‌ವೇ. ಹಿಮ ಕರಗಿತೆಂದರೆ ಅದರ ಮೇಲೆ ಉಪ್ಪಿನ ಬಿಳಿ ಕಲೆ, ಓಕ್ ಎಲೆಯ ಕಂದು ಕಲೆ, ಎಂಜಿನ್ ಎಣ್ಣೆಯ ಕರಿ ಕಲೆ, ನೆರಳಿನ ಕಡೆ ಪಾಚಿ. ಪೊರಕೆ, ಬಕೆಟ್ಟುಗಳಿಗೆ ಬಗ್ಗುವ ಕೊಳೆಯಲ್ಲ ಇದು. ಹೀಗಾಗಿ ಕಳೆದ ವಸಂತದಲ್ಲಿ ನಾವೂ ಒಂದು ಗ್ಯಾಸ್ ಪ್ರೆಷರ್ ವಾಷರ್ ಕೊಂಡೆವು. ಗ್ಯಾಸ್ ಎಂದರೆ ಅಡುಗೆಮನೆಯ ಸಿಲಿಂಡರ್ ಅಲ್ಲ, ಪೆಟ್ರೋಲು.

"ಅಂಗಳ ತೊಳೆಯೋದಕ್ಕೂ ಎಂಜಿನ್ನು ಬೇಕಾಯ್ತೇನಪ್ಪಾ?" ಎಂದು ಊರಿನಿಂದ ಬಂದಿದ್ದ ಅಮ್ಮ ನಕ್ಕರು. ನಾವೂ ನಕ್ಕೆವು. ಆದರೆ ಮೊದಲ ದಿನವೇ ಮಾಡಿದ ಒಂದು ತಪ್ಪಿನಿಂದ ಆ ನಗು ಅಳುವಾಗುವುದರಲ್ಲಿತ್ತು. ಅದನ್ನು ಕೊನೆಗೆ ಹೇಳುತ್ತೇವೆ. ಮೊದಲು ಆಯ್ಕೆಯ ವಿಚಾರ.

ಕಾರು, ಕುರ್ಚಿ, ನಾಲ್ಕು ಮೆಟ್ಟಿಲು ತೊಳೆಯುವವರಿಗೆ ವಿದ್ಯುತ್ ಯಂತ್ರವೇ ಸಾಕು. ಅದು ಹಗುರ, ಸದ್ದು ಕಡಿಮೆ, ಹೊಗೆಯಿಲ್ಲ. ಎರಡು ಕಾರು ನಿಲ್ಲುವಷ್ಟು ಅಗಲದ, ವರ್ಷಗಟ್ಟಲೆ ಕೊಳೆ ಕುಳಿತ ಕಾಂಕ್ರೀಟಿಗೆ ಮಾತ್ರ ಪೆಟ್ರೋಲ್ ಎಂಜಿನ್ನಿನ ಬಲ ಬೇಕಾಗುತ್ತದೆ.

ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆಗಳಿರುತ್ತವೆ. ಪಿ.ಎಸ್.ಐ. ಎಂದರೆ ಒಂದು ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂಬ ಒತ್ತಡದ ಲೆಕ್ಕ. ಜಿ.ಪಿ.ಎಂ. ಎಂದರೆ ನಿಮಿಷಕ್ಕೆ ಎಷ್ಟು ಗ್ಯಾಲನ್ ನೀರು ಎಂಬುದು. ಅಂಗಡಿಯಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಮೊದಲನೆಯದು. ನಾವೆಲ್ಲ ಮೋಸಹೋಗುವುದೂ ಅಲ್ಲೇ. ಒತ್ತಡ ಕೊಳೆಯನ್ನು ಕೀಳುತ್ತದೆ, ಕೊಚ್ಚಿಕೊಂಡು ಹೋಗುವುದು ನೀರು. ಎರಡನ್ನೂ ಗುಣಿಸಿ ನೋಡಬೇಕು. 3,200 ಪಿ.ಎಸ್.ಐ., 2.4 ಜಿ.ಪಿ.ಎಂ. ಯಂತ್ರಕ್ಕೆ 7,680 ಬರುತ್ತದೆ. 2,800 ಮತ್ತು 3ರ ಯಂತ್ರಕ್ಕೆ 8,400. ಒತ್ತಡ ಕಡಿಮೆಯಿದ್ದರೂ ಎರಡನೆಯದೇ ಬೇಗ ತೊಳೆಯುತ್ತದೆ, ಕಾಂಕ್ರೀಟಿಗೂ ಮೃದು. ಮನೆಬಳಕೆಗೆ 2,500ರಿಂದ 3,000 ಪಿ.ಎಸ್.ಐ., ಎರಡೂವರೆ ಜಿ.ಪಿ.ಎಂ.ಗೆ ಕಡಿಮೆಯಿಲ್ಲದ ನೀರು ಇದ್ದರೆ ಸಾಕೆಂಬುದು ನಮ್ಮ ಅನುಭವ.

ನಿಮ್ಮ ನಲ್ಲಿಯಲ್ಲಿ ಅಷ್ಟು ನೀರು ಬರುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. 5 ಗ್ಯಾಲನ್ ಬಕೆಟ್ ಒಂದೂವರೆ ನಿಮಿಷದೊಳಗೆ ತುಂಬಿದರೆ ಚಿಂತೆಯಿಲ್ಲ. ಎರಡು ನಿಮಿಷ ಮೀರಿದರೆ ಪಂಪಿಗೆ ನೀರು ಸಾಲದೆ ಅದು ಕೆಡುತ್ತದೆ.

ಪಂಪಿನಲ್ಲೂ ಎರಡು ಬಗೆ. ಆಕ್ಸಿಯಲ್ ಪಂಪು ಅಗ್ಗ. ವರ್ಷಕ್ಕೆ ಎರಡು ಮೂರು ಸಲ ತೊಳೆಯುವವರಿಗೆ ಅದೇ ಸಾಕು. ಟ್ರಿಪ್ಲೆಕ್ಸ್ ಪಂಪು ದುಬಾರಿ, ಆದರೆ ಬಹುಕಾಲ ಬಾಳುತ್ತದೆ, ರಿಪೇರಿಯೂ ಆಗುತ್ತದೆ.

ಇನ್ನು ಬಣ್ಣಬಣ್ಣದ ನಳಿಕೆಮೂತಿಗಳು. ಕೆಂಪು ಸೊನ್ನೆ ಡಿಗ್ರಿ, ಹಳದಿ 15, ಹಸಿರು 25, ಬಿಳಿ 40. ಕಪ್ಪು ಸೋಪಿನ ನೀರಿಗೆ. ಕಾಂಕ್ರೀಟಿಗೆ ಹಸಿರಿನಿಂದ ಶುರುಮಾಡಿ, ಸಾಲದಿದ್ದರೆ ಹಳದಿ. ಕೆಂಪನ್ನು ಮುಟ್ಟಲೇಬೇಡಿ. ನಾವು ಮುಟ್ಟಿದ್ದರ ಗುರುತಾಗಿ ಮೆಟ್ಟಿಲ ಬಳಿ ಒಂದು ಗೀರು ಇಂದಿಗೂ ಇದೆ, ಅಳಿಸಲಾಗದ ರಂಗೋಲಿಯಂತೆ. ಹೊಸದಾಗಿ ಹಾಕಿಸಿದ ಕಾಂಕ್ರೀಟಾದರೆ ಕನಿಷ್ಠ 28 ದಿನ ಬಿಡಿ. ದುಂಡನೆಯ ಸರ್ಫೇಸ್ ಕ್ಲೀನರ್ ಜೋಡಿಸಿಕೊಂಡರೆ ಪಟ್ಟೆ ಪಟ್ಟೆಯಾಗದೆ ಒಂದೇ ಸಮನಾಗಿ ತೊಳೆಯಬಹುದು.

ಕಾಂಕ್ರೀಟನ್ನೇ ಕೊರೆಯುವ ನೀರು ಕಾಲನ್ನು ಬಿಟ್ಟೀತೇ? ಚಪ್ಪಲಿ ಬೇಡ, ಗಟ್ಟಿ ಬೂಟು, ಕಣ್ಣಿಗೆ ಕನ್ನಡಕ ಇರಲಿ. ನೀರಿನ ಧಾರೆ ಚರ್ಮದೊಳಗೆ ಹೊಕ್ಕರೆ ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಹಾನಿ ದೊಡ್ಡದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಈಗ ನಮ್ಮ ತಪ್ಪು. ಅಂದು ಜಿಟಿಜಿಟಿ ಮಳೆ. ಯಂತ್ರ ನೆನೆಯದಿರಲೆಂದು ಅದನ್ನು ಗ್ಯಾರೇಜಿನೊಳಗೇ ನಿಲ್ಲಿಸಿ, ದೊಡ್ಡ ಬಾಗಿಲನ್ನು ಪೂರ್ತಿ ತೆರೆದು, ಉದ್ದನೆಯ ಹೋಸ್ ಎಳೆದುಕೊಂಡು ಹೊರಗೆ ತೊಳೆಯತೊಡಗಿದೆವು. ಬಾಗಿಲು ತೆರೆದಿದೆಯಲ್ಲ ಎಂಬ ಧೈರ್ಯ. ಸ್ವಲ್ಪ ಹೊತ್ತಿಗೆ ಮಗಳು ಓಡಿಬಂದು, ಮಹಡಿಯಲ್ಲಿ ಅಲಾರಂ ಕೂಗುತ್ತಿದೆ ಎಂದಳು. ಎಂಜಿನ್ ಸದ್ದಿನಲ್ಲಿ ನಮಗೆ ಕೇಳಿಸಿರಲಿಲ್ಲ. ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಅಮ್ಮ ಮಲಗಿದ್ದರು. ಎಬ್ಬಿಸಿದರೆ, "ತಲೆ ಸಿಡೀತಿದೆ ಕಣೋ" ಎಂದರು. ಎಲ್ಲರನ್ನೂ ಹೊರಗೆ ಕರೆತಂದು 911ಕ್ಕೆ ಫೋನು ಮಾಡಿದೆವು. ಸಂಜೆಯ ಹೊತ್ತಿಗೆ ಅಮ್ಮ ಚೇತರಿಸಿಕೊಂಡರು. ನಾವು ಚೇತರಿಸಿಕೊಳ್ಳಲು ಹೆಚ್ಚು ದಿನ ಹಿಡಿಯಿತು.

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು, ಕಿಟಕಿ ತೆರೆದಿಟ್ಟ ಮಾತ್ರಕ್ಕೆ ಅದು ಹೊರಟುಹೋಗುವುದಿಲ್ಲ. ಆದ್ದರಿಂದ ಯಂತ್ರವನ್ನು ಬಯಲಲ್ಲಿ, ಮನೆಯ ಬಾಗಿಲು ಕಿಟಕಿಗಳಿಂದ ದೂರ, ಹೊಗೆಕೊಳವೆ ಮನೆಯ ಕಡೆ ತಿರುಗದಂತೆ ನಿಲ್ಲಿಸಬೇಕು. ಅಂಥ ಜಾಗವಿಲ್ಲದ ಮನೆಯವರು, ಎಷ್ಟೇ ಅಗ್ಗಕ್ಕೆ ಸಿಕ್ಕರೂ ಪೆಟ್ರೋಲ್ ಯಂತ್ರ ಕೊಳ್ಳಬಾರದು. ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದವರು ಯಂತ್ರಕ್ಕಿಂತ ಮೊದಲು ಅದನ್ನು ಕೊಳ್ಳಿ.

ವರ್ಷಕ್ಕೆರಡು ಬಾರಿ ಮಾತ್ರ ಬೇಕಾಗುವ ಯಂತ್ರವನ್ನು ಮನೆಗೊಂದರಂತೆ ಕೊಳ್ಳಬೇಕೆಂದೇನೂ ಇಲ್ಲ. ಬಾಡಿಗೆಗೂ ಸಿಗುತ್ತದೆ. ನಮ್ಮ ಕೂಟದವರಿಗಂತೂ ನಮ್ಮದೇ ಇದೆ, ಬಂದು ಒಯ್ಯಿರಿ. ಬಾಡಿಗೆ ಬೇಡ, ಒಂದು ಲೋಟ ಕಾಫಿ ಕೊಟ್ಟರೆ ಸಾಕು. ಆದರೆ ಷರತ್ತು ಒಂದೇ: ಮಳೆ ಬಂದರೆ ಕೆಲಸ ನಾಳೆಗೆ.